ಕಾಲೇಜಿನ ಕಂಪ್ಯೂಟರ್ ಜಾಲ ಮತ್ತು ಅದರ ಕಟ್ಟುಪಾಡು

ಕಾಲೇಜಿನ ಕಂಪ್ಯೂಟರ್‌ಗಳನ್ನೂ ಅಂತರಜಾಲ ಸಂಪರ್ಕವನ್ನೂ ಯಾರು, ಯಾವ ಕೆಲಸಕ್ಕೆ, ಯಾವ ಮಿತಿಯೊಳಗೆ ಬಳಸಬಹುದು ಎಂಬುದನ್ನು ಬರೆದಿಡುವ ನಿಯಮಾವಳಿಗೆ ಬಳಕೆ ನೀತಿ ಎನ್ನುತ್ತಾರೆ. ಹಳೆಯ ಬೆಂಗಳೂರಿನ ಕಾಲೇಜುಗಳು ಹುಟ್ಟಿದಾಗ ಇಂಥದೊಂದು ಕಾಗದ ಬೇಕಿರಲಿಲ್ಲ. ಬಸವನಗುಡಿಯ ನ್ಯಾಷನಲ್ ಕಾಲೇಜು 1945ರಲ್ಲಿ, ಬುಲ್ ಟೆಂಪಲ್ ರಸ್ತೆಯ ಬಿ.ಎಂ.ಎಸ್. ಎಂಜಿನಿಯರಿಂಗ್ ಕಾಲೇಜು 1946ರಲ್ಲಿ, ಮಲ್ಲೇಶ್ವರದ ಎಂ.ಇ.ಎಸ್. ಸಂಸ್ಥೆ 1956ರಲ್ಲಿ ಶುರುವಾದವು. ಆ ದಿನಗಳಲ್ಲಿ ನಿಯಮವೆಂದರೆ ಗ್ರಂಥಾಲಯದ ನಿಯಮ, ಪ್ರಯೋಗಾಲಯದ ನಿಯಮ, ಹಾಸ್ಟೆಲಿನ ನಿಯಮ. ಪುಸ್ತಕದ ಹಾಳೆ ಹರಿಯಬಾರದು, ಆಮ್ಲದ ಸೀಸೆಯನ್ನು ಕೇಳದೆ ಮುಟ್ಟಬಾರದು ಎಂದರೆ ಕಾರಣ ಎಲ್ಲರಿಗೂ ಕಣ್ಣೆದುರೇ ಕಾಣುತ್ತಿತ್ತು. ಕಂಪ್ಯೂಟರ್ ಜಾಲದ ನಿಯಮಗಳ ಕಾರಣ ಹಾಗೆ ಕಣ್ಣಿಗೆ ಕಾಣುವುದಿಲ್ಲ. ಪ್ರವೇಶದ ದಿನ ಹತ್ತಾರು ಅರ್ಜಿಗಳ ನಡುವೆ ಒಂದು ಹಾಳೆಗೆ ಸಹಿ ಬೀಳುತ್ತದೆ, ಅದರಲ್ಲಿ ಏನಿದೆ ಎಂದು ಓದಿದವರು ಕಡಿಮೆ. ನಿಯಮ ಮುರಿದಾಗ ತಗಲುವ ಪೆಟ್ಟು ಮಾತ್ರ ಸಣ್ಣದಲ್ಲ. ಆದ್ದರಿಂದ ಈ ನಿಯಮಗಳು ಎಲ್ಲಿಂದ ಬಂದವು, ಒಂದೊಂದರ ಹಿಂದೆ ಇರುವ ಕಾರಣವೇನು, ಅವು ವಿದ್ಯಾರ್ಥಿಗೆ ವಿಧಿಸುವುದೇನು, ಕಾಲೇಜಿಗೆ ವಿಧಿಸುವುದೇನು ಎಂಬುದನ್ನು ಕ್ರಮವಾಗಿ ತಿಳಿಯಬೇಕು.

ಭಾರತದಲ್ಲಿ ಅಂತರಜಾಲ ಮೊದಲು ಕಾಲಿಟ್ಟದ್ದು ಶಿಕ್ಷಣ ಸಂಸ್ಥೆಗಳಲ್ಲಿ. 1986ರಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ, ಅರ್ನೆಟ್ ಎಂಬ ಶಿಕ್ಷಣ ಮತ್ತು ಸಂಶೋಧನಾ ಜಾಲವನ್ನು ಆರಂಭಿಸಿತು. ಅದರಲ್ಲಿ ಮೊದಲು ಸೇರಿದ್ದವು ಐದು ಐಐಟಿಗಳು, ಮುಂಬೈಯ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ, ದೆಹಲಿಯ ಎಲೆಕ್ಟ್ರಾನಿಕ್ಸ್ ಇಲಾಖೆ, ಮತ್ತು ಮಲ್ಲೇಶ್ವರದ ಪಕ್ಕದಲ್ಲೇ ಇರುವ, ಹಳಬರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎನಿಸಿಕೊಂಡ ಭಾರತೀಯ ವಿಜ್ಞಾನ ಸಂಸ್ಥೆ. ದೂರಸಂಪರ್ಕ ಸಂಸ್ಥೆ ವಿ.ಎಸ್.ಎನ್.ಎಲ್. ಜನಸಾಮಾನ್ಯರಿಗೆ ಅಂತರಜಾಲವನ್ನು ತೆರೆದದ್ದು 1995ರ ಆಗಸ್ಟ್ 15ರಂದು. ಅದಕ್ಕೂ ಎಷ್ಟೋ ವರ್ಷ ಮುಂಚೆಯೇ ಬೆಂಗಳೂರಿನ ಸಂಶೋಧಕರು ಜಾಲದ ಮೂಲಕ ಪತ್ರ ಬರೆಯುತ್ತಿದ್ದರು. ಆಗಿನ ತಂತಿಗಳ ಸಾಮರ್ಥ್ಯ ತೀರ ಅಲ್ಪ. ಸೆಕೆಂಡಿಗೆ 9.6 ಕಿಲೋಬಿಟ್ ಸಾಗಿಸುವ ತಂತಿಯಲ್ಲಿ, ಇಂದಿನ ಮೊಬೈಲ್ ತೆಗೆಯುವ 5 ಮೆಗಾಬೈಟ್‌ನ ಒಂದು ಫೋಟೊ ದಾಟಲು ಒಂದು ಗಂಟೆಗಿಂತ ಹೆಚ್ಚು ಹೊತ್ತು ಬೇಕು. ಹಾಗಿದ್ದಾಗ ಯಾವುದು ಅಗತ್ಯದ ಕೆಲಸ, ಯಾವುದು ಅಲ್ಲ ಎಂದು ತೀರ್ಮಾನಿಸದೆ ಜಾಲ ನಡೆಯುವಂತಿರಲಿಲ್ಲ.

ಅಮೆರಿಕದಲ್ಲೂ ಹೀಗೆಯೇ ಆಯಿತು. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 1980ರ ದಶಕದಲ್ಲಿ ಎನ್‌ಎಸ್‌ಎಫ್‌ನೆಟ್ ಎಂಬ ಬೆನ್ನೆಲುಬು ಜಾಲವನ್ನು ಕಟ್ಟಿತು. ಅದು ಸಾರ್ವಜನಿಕರ ಹಣದಿಂದ ನಡೆಯುತ್ತಿದ್ದುದರಿಂದ ಶಿಕ್ಷಣ ಮತ್ತು ಸಂಶೋಧನೆಗೆ ಮೀಸಲು, ವ್ಯಾಪಾರಕ್ಕೆ ಅಲ್ಲ ಎಂದು ಬರೆದಿಟ್ಟ ನೀತಿ ಜಗತ್ತಿನ ಅನೇಕ ವಿಶ್ವವಿದ್ಯಾಲಯಗಳ ಬಳಕೆ ನೀತಿಗೆ ಮಾದರಿಯಾಯಿತು. ಕಾಲೇಜಿನ ಸಂಪರ್ಕದಲ್ಲಿ ಸ್ವಂತ ವ್ಯಾಪಾರ ನಡೆಸಬಾರದು ಎಂದು ಇಂದಿಗೂ ಕಾಣುವ ಕಲಮಿನ ಬೇರು ಅಲ್ಲಿದೆ.

ಬರಿಯ ಮಿತವ್ಯಯಕ್ಕೆ ಹುಟ್ಟಿದ ನಿಯಮಕ್ಕೆ ಭದ್ರತೆಯ ಕಾರಣವೂ ಸೇರಿದ್ದು 1988ರ ನವೆಂಬರ್ 2ರ ನಂತರ. ಕಾರ್ನೆಲ್ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿ ರಾಬರ್ಟ್ ಮಾರಿಸ್ ತಾನಾಗಿಯೇ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹರಡುವ ಪ್ರೋಗ್ರಾಂ ಬರೆದು, ಎಂಐಟಿಯ ಕಂಪ್ಯೂಟರೊಂದರಿಂದ ಜಾಲಕ್ಕೆ ಬಿಟ್ಟ. ಕಡತ ಅಳಿಸುವುದು ಅದರ ಕೆಲಸವಾಗಿರಲಿಲ್ಲ. ಆದರೆ ಒಂದೇ ಯಂತ್ರಕ್ಕೆ ಮತ್ತೆ ಮತ್ತೆ ನುಗ್ಗಿ, ತನ್ನದೇ ಪ್ರತಿಗಳಿಂದ ಅದನ್ನು ತುಂಬಿ, ಯಂತ್ರ ಬೇರೆ ಕೆಲಸ ಮಾಡದಂತೆ ಮಾಡಿಬಿಟ್ಟಿತು. ಸುಮಾರು 6,000 ಕಂಪ್ಯೂಟರ್‌ಗಳು ಸಿಕ್ಕಿಬಿದ್ದವು ಎಂಬ ಅಂದಾಜು ಆಗ ಪ್ರಚಾರದಲ್ಲಿತ್ತು. ಪ್ರೋಗ್ರಾಂ ಒಳನುಗ್ಗಲು ಬಳಸಿದ ದಾರಿಗಳಲ್ಲಿ ಒಂದು, ಸುಲಭವಾಗಿ ಊಹಿಸಬಹುದಾದ ಪಾಸ್‌ವರ್ಡ್. ಮಾರಿಸ್‌ಗೆ 3 ವರ್ಷದ ಪರಿವೀಕ್ಷಣೆ, 400 ಗಂಟೆಗಳ ಸಮುದಾಯ ಸೇವೆ ಮತ್ತು 10,050 ಡಾಲರ್ ದಂಡ ವಿಧಿಸಲಾಯಿತು. ಕಂಪ್ಯೂಟರ್ ತುರ್ತು ಸ್ಪಂದನಾ ತಂಡ ಎಂಬ ವ್ಯವಸ್ಥೆ ಮೊದಲು ರೂಪುಗೊಂಡದ್ದು ಈ ಘಟನೆಯ ಬೆನ್ನಿಗೇ. ಭಾರತದ ಸರ್ಟ್-ಇನ್ ಅದೇ ಬಗೆಯ ಸಂಸ್ಥೆ.

ಬಳಕೆ ನೀತಿಯ ಮೊದಲ ಕಲಮು ಸಾಮಾನ್ಯವಾಗಿ ಲಾಗಿನ್ ಮತ್ತು ಪಾಸ್‌ವರ್ಡಿಗೆ ಸಂಬಂಧಿಸಿದ್ದು. ಒಬ್ಬರಿಗೆ ಕೊಟ್ಟ ಲಾಗಿನ್ ಅವರದು ಮಾತ್ರ. ಗೆಳೆಯನಿಗೆ ಕೊಡುವಂತಿಲ್ಲ, ಗೆಳತಿಯದನ್ನು ಬಳಸುವಂತಿಲ್ಲ. ಜಾಲದಲ್ಲಿ ಯಾರು ಏನು ಮಾಡಿದರು ಎಂಬ ದಾಖಲೆ ಲಾಗಿನ್ ಹೆಸರಿನಲ್ಲಿ ಉಳಿಯುತ್ತದೆ. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಮಾಡಿದ ಕೆಲಸಕ್ಕೆ ಮೊದಲು ಉತ್ತರ ಹೇಳಬೇಕಾದವರು ಹೆಸರಿನ ಒಡೆಯರು. ಇದು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಬೆಂಗಳೂರಿನಲ್ಲೇ ಉದಾಹರಣೆ ಇದೆ. 2024ರಲ್ಲಿ ಎಂಜಿನಿಯರಿಂಗ್ ಸೀಟುಗಳನ್ನು ತಡೆಹಿಡಿದ ಪ್ರಕರಣದಲ್ಲಿ, ಮಲ್ಲೇಶ್ವರದ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ದೂರಿನ ಮೇಲೆ ಪೊಲೀಸರು ತನಿಖೆ ಕೈಗೊಂಡರು. ಅಭ್ಯರ್ಥಿಗಳ ಲಾಗಿನ್ ವಿವರಗಳನ್ನು ಬೇರೆಯವರು ಬಳಸಿ ಸೀಟು ಆಯ್ಕೆ ನಮೂದಿಸಿದರು ಎಂಬುದು ಅಲ್ಲಿನ ಮುಖ್ಯ ಆರೋಪ. ಪಾಸ್‌ವರ್ಡ್ ಕೈತಪ್ಪಿದರೆ ಅರ್ಹನೊಬ್ಬನ ಸೀಟೇ ಕೈತಪ್ಪಬಹುದು. ಆದ್ದರಿಂದ ಪಾಸ್‌ವರ್ಡ್ ಉದ್ದವಾಗಿರಬೇಕು, ಹುಟ್ಟಿದ ದಿನಾಂಕವೋ ಮೊಬೈಲ್ ಸಂಖ್ಯೆಯೋ ಆಗಿರಬಾರದು, ಒಂದೊಂದು ಕಡೆಗೆ ಒಂದೊಂದು ಇರಬೇಕು. ಲ್ಯಾಬಿನ ಕಂಪ್ಯೂಟರ್ ಬಿಟ್ಟು ಏಳುವಾಗ ಲಾಗ್‌ಔಟ್ ಆಗಬೇಕು. ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬಿಸಿದ ಮೇಲೆ ಮನೆಗೆ ಬಂದು ಪಾಸ್‌ವರ್ಡ್ ಬದಲಿಸಬೇಕು.

ಎರಡನೆಯ ಕಲಮು ಸಂಪರ್ಕದ ಹಂಚಿಕೆ. ಕಾಲೇಜೊಂದಕ್ಕೆ ಸೆಕೆಂಡಿಗೆ 1 ಗಿಗಾಬಿಟ್ ಸಾಮರ್ಥ್ಯದ ಸಂಪರ್ಕ ಇದೆ ಎಂದಿಟ್ಟುಕೊಳ್ಳೋಣ. 2,000 ವಿದ್ಯಾರ್ಥಿಗಳು ಒಟ್ಟಿಗೆ ಬಳಸಿದರೆ ತಲೆಗೆ ಬರುವುದು ಅರ್ಧ ಮೆಗಾಬಿಟ್. ಉತ್ತಮ ಗುಣಮಟ್ಟದ ಒಂದು ವಿಡಿಯೊಗೆ ಸುಮಾರು 5 ಮೆಗಾಬಿಟ್ ಬೇಕು. ಅಂದರೆ 200 ಜನ ಒಂದೇ ಹೊತ್ತಿಗೆ ಸಿನಿಮಾ ನೋಡಲು ಕುಳಿತರೆ ಇಡೀ ಕಾಲೇಜಿನ ಸಂಪರ್ಕ ಮುಗಿದುಹೋಗುತ್ತದೆ. ಉಳಿದ 1,800 ಮಂದಿಯಲ್ಲಿ ಪರೀಕ್ಷಾ ಅರ್ಜಿ ತುಂಬುವವರೂ ಇರುತ್ತಾರೆ, ಆನ್‌ಲೈನ್ ಸಂದರ್ಶನಕ್ಕೆ ಕುಳಿತವರೂ ಇರುತ್ತಾರೆ. ಹಳೆಯ ಬೆಂಗಳೂರಿನ ವಠಾರಗಳಲ್ಲಿ ಇದ್ದದ್ದು ಒಂದೇ ನಲ್ಲಿ, ಒಂದು ಮನೆಯವರು ಹಂಡೆಯ ಮೇಲೆ ಹಂಡೆ ತುಂಬಿಸಿಕೊಂಡರೆ ಕೊನೆಯ ಮನೆಗೆ ನೀರಿಲ್ಲ. ಕಾಲೇಜಿನ ವೈ-ಫೈಯದೂ ಅದೇ ಲೆಕ್ಕ. ಟೊರೆಂಟ್ ಮೂಲಕ ದೊಡ್ಡ ಕಡತ ಇಳಿಸುವುದು, ಲ್ಯಾಬಿನ ಯಂತ್ರಗಳಲ್ಲಿ ಕ್ರಿಪ್ಟೊ ನಾಣ್ಯ ಗಣಿಗಾರಿಕೆ ನಡೆಸುವುದು, ಸ್ವಂತ ರೂಟರ್ ತಂದು ಕಾಲೇಜಿನ ಕೇಬಲ್ಲಿಗೆ ಸಿಕ್ಕಿಸುವುದು ನಿಷಿದ್ಧವಾಗಿರುವುದು ಈ ಕಾರಣಕ್ಕೆ. ಸ್ವಂತ ರೂಟರಿನಿಂದ ಇನ್ನೊಂದು ತೊಂದರೆಯೂ ಇದೆ. ಅದು ತಪ್ಪು ವಿಳಾಸ ಹಂಚತೊಡಗಿದರೆ ಇಡೀ ಮಹಡಿಯ ಸಂಪರ್ಕ ಕಡಿದುಹೋಗಬಹುದು, ದೋಷ ಎಲ್ಲಿದೆ ಎಂದು ಹುಡುಕಲು ಲ್ಯಾಬ್ ಸಿಬ್ಬಂದಿಗೆ ಒಂದು ದಿನವೇ ಬೇಕಾಗಬಹುದು.

ಮೂರನೆಯದು ಗ್ರಂಥಾಲಯದ ವಿದ್ಯುನ್ಮಾನ ಸಂಪನ್ಮೂಲ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಎನ್-ಲಿಸ್ಟ್ ಯೋಜನೆಯ ಮೂಲಕ ಕಾಲೇಜುಗಳಿಗೆ ಪತ್ರಿಕೆಗಳನ್ನೂ ಪುಸ್ತಕಗಳನ್ನೂ ಒದಗಿಸುತ್ತಿದೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಒಂದು ದೇಶ ಒಂದು ಚಂದಾ ಯೋಜನೆಯಡಿ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು 6,300ಕ್ಕೂ ಹೆಚ್ಚು ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ ತೆರೆಯಲಾಗಿದೆ. ಮೂರು ವರ್ಷಕ್ಕೆ ಇದರ ವೆಚ್ಚ 6,000 ಕೋಟಿ ರೂಪಾಯಿ. ಹಿಂದೆ ಒಂದು ಲೇಖನಕ್ಕಾಗಿ ಟಾಟಾ ಇನ್‌ಸ್ಟಿಟ್ಯೂಟಿನ ಗ್ರಂಥಾಲಯದವರೆಗೆ ಹೋಗಬೇಕಾಗಿದ್ದ ವಿದ್ಯಾರ್ಥಿಗೆ ಇದು ದೊಡ್ಡ ಸಂಪತ್ತು. ಓದಲು ಬೇಕಾದ ಲೇಖನ ಇಳಿಸಿಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಪ್ರೋಗ್ರಾಂ ಬರೆದು ಒಂದು ಪತ್ರಿಕೆಯ ಎಲ್ಲ ಸಂಚಿಕೆಗಳನ್ನೂ ಒಟ್ಟಿಗೆ ಎಳೆದುಕೊಳ್ಳುವುದು, ಲಾಗಿನ್ ಅನ್ನು ಹೊರಗಿನವರಿಗೆ ಮಾರುವುದು ಅಥವಾ ಕೊಡುವುದು ಕರಾರಿಗೆ ವಿರುದ್ಧ. ಅಂಥ ಚಟುವಟಿಕೆ ಕಂಡ ಪ್ರಕಾಶಕರು ಆ ಸಂಸ್ಥೆಯ ವಿಳಾಸವನ್ನೇ ತಡೆಯಬಹುದು. ಆಗ ಒಬ್ಬರ ಆತುರಕ್ಕೆ ಇಡೀ ಕಾಲೇಜು ಓದು ಕಳೆದುಕೊಳ್ಳುತ್ತದೆ.

ನಾಲ್ಕನೆಯದು ಸಾಫ್ಟ್‌ವೇರ್ ಪರವಾನಗಿ. ಮಾಮೂಲ್‌ಪೇಟೆಯ ಆಸುಪಾಸಿನಲ್ಲೇ ಇರುವ ಎಸ್.ಪಿ. ರಸ್ತೆ ಕಂಪ್ಯೂಟರ್ ಬಿಡಿಭಾಗಗಳ ಪೇಟೆ. ಕಡಿಮೆ ದುಡ್ಡಿನಲ್ಲಿ ಕಂಪ್ಯೂಟರ್ ಜೋಡಿಸಿಕೊಳ್ಳಲು ತಲೆಮಾರುಗಳ ವಿದ್ಯಾರ್ಥಿಗಳಿಗೆ ಅದು ದಾರಿ ಮಾಡಿಕೊಟ್ಟಿದೆ. ಯಂತ್ರಕ್ಕೆ ಹಣ ಕೂಡಿಸಿದವರಿಗೆ ಸಾವಿರಾರು ರೂಪಾಯಿಯ ಸಾಫ್ಟ್‌ವೇರ್ ಕೊಳ್ಳುವುದು ಕಷ್ಟ ಎಂಬುದು ನಿಜ. ಹಾಗೆಂದು ಬೀಗ ಮುರಿದ ಪ್ರತಿಯನ್ನು ಹಾಕಿಕೊಂಡರೆ ಅಪಾಯ ಎರಡು ಬಗೆಯದು. 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನ ಪ್ರಕಾರ, ಕಳ್ಳಪ್ರತಿ ಎಂದು ತಿಳಿದೂ ಪ್ರೋಗ್ರಾಂ ಬಳಸುವುದು ಅಪರಾಧ, ಸೆರೆವಾಸ 7 ದಿನಗಳಿಂದ 3 ವರ್ಷಗಳವರೆಗೆ. ಎರಡನೆಯದಾಗಿ, ಬೀಗ ಮುರಿಯುವ ಆ ಸಣ್ಣ ಪ್ರೋಗ್ರಾಂಗಳ ಜೊತೆಗೇ ಎಷ್ಟೋ ವೇಳೆ ವೈರಸ್ ಬಂದಿರುತ್ತದೆ. ಪೆನ್ ಡ್ರೈವ್ ಮೂಲಕ ಅದು ಲ್ಯಾಬಿಗೆ ದಾಟುತ್ತದೆ. ಇದಕ್ಕೆ ನೇರವಾದ ಪರಿಹಾರ ಮುಕ್ತ ತಂತ್ರಾಂಶ. ಲಿನಕ್ಸ್, ಲಿಬ್ರೆ ಆಫೀಸ್, ಪೈಥಾನ್ ಇವುಗಳಿಗೆ ಕಾಸು ಕೊಡಬೇಕಿಲ್ಲ. ಕನ್ನಡದ ಬೆರಳಚ್ಚಿಗಂತೂ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿ ಕರ್ನಾಟಕ ಸರ್ಕಾರ ಉಚಿತವಾಗಿ ಹಂಚಿದ ನುಡಿ ತಂತ್ರಾಂಶ ಇದೆ. ಕಾಲೇಜೇ ತನ್ನ ಪಾಠಗಳನ್ನು ಮುಕ್ತ ತಂತ್ರಾಂಶದ ಮೇಲೆ ನಡೆಸಿದರೆ ಬಡ ವಿದ್ಯಾರ್ಥಿ ಕಳ್ಳಪ್ರತಿಯ ಕಡೆ ನೋಡಬೇಕಾಗುವುದಿಲ್ಲ. ದುಬಾರಿ ಸಾಫ್ಟ್‌ವೇರ್ ಇಲ್ಲದೆ ಮುಗಿಯದ ಅಸೈನ್‌ಮೆಂಟ್ ಕೊಟ್ಟು, ಪರವಾನಗಿ ಒದಗಿಸದೆ, ಕಳ್ಳಪ್ರತಿ ಬಳಸಬೇಡಿ ಎಂದು ಗೋಡೆಗೆ ಅಂಟಿಸುವುದು ನ್ಯಾಯವಲ್ಲ.

ಐದನೆಯದು ಬರವಣಿಗೆಯ ಪ್ರಾಮಾಣಿಕತೆ. ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲಿ ಹೊರಡಿಸಿದ ಕೃತಿಚೌರ್ಯ ತಡೆ ನಿಯಮಗಳ ಪ್ರಕಾರ, ಪ್ರಬಂಧದಲ್ಲಿ ಶೇಕಡಾ 10ರವರೆಗಿನ ಹೋಲಿಕೆಗೆ ದಂಡವಿಲ್ಲ. 10ರಿಂದ 40ರವರೆಗೆ ಇದ್ದರೆ ತಿದ್ದಿ ಮತ್ತೆ ಒಪ್ಪಿಸಬೇಕು, 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ಒಪ್ಪಿಸುವಂತಿಲ್ಲ, 60 ಮೀರಿದರೆ ನೋಂದಣಿಯೇ ರದ್ದು. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಬಂದ ಮೇಲೆ ಹೋಲಿಕೆಯ ಅಳತೆಯೊಂದೇ ಸಾಲದಾಗಿದೆ. ಯಂತ್ರ ಬರೆದುಕೊಟ್ಟ ಉತ್ತರ ಯಾವ ಪುಸ್ತಕಕ್ಕೂ ಹೋಲದೆ ಇರಬಹುದು, ಆದರೂ ಅದು ವಿದ್ಯಾರ್ಥಿಯ ಕೆಲಸವಲ್ಲ. ಯಾವ ಅಸೈನ್‌ಮೆಂಟಿಗೆ ಅಂಥ ನೆರವು ಪಡೆಯಬಹುದು, ಯಾವುದಕ್ಕೆ ಪಡೆಯಬಾರದು, ಪಡೆದರೆ ಹೇಗೆ ನಮೂದಿಸಬೇಕು ಎಂಬುದನ್ನು ನೀತಿ ಬಿಡಿಸಿ ಹೇಳಬೇಕು.

ಆರನೆಯದು ಇನ್ನೊಬ್ಬರ ಮಾನ. ಜಾಲದ ದುರ್ಬಳಕೆಗಳಲ್ಲಿ ಮನುಷ್ಯರನ್ನು ಅತಿ ಹೆಚ್ಚು ನೋಯಿಸುವುದು ಇದೇ. ಸಹಪಾಠಿಯ ಹೆಸರಿನಲ್ಲಿ ಸುಳ್ಳು ಖಾತೆ ತೆರೆಯುವುದು, ಅವಳ ಚಿತ್ರವನ್ನು ತಿರುಚುವುದು, ಖಾಸಗಿ ಚಿತ್ರ ಹಂಚುವುದು, ತರಗತಿಯ ಗುಂಪುಗಳಲ್ಲಿ ಒಬ್ಬರನ್ನು ಗುರಿಮಾಡಿ ಅವಮಾನಿಸುವುದು ತಮಾಷೆಯಲ್ಲ. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಇ ಕಲಮು ಒಪ್ಪಿಗೆಯಿಲ್ಲದೆ ಖಾಸಗಿ ಅಂಗಗಳ ಚಿತ್ರ ತೆಗೆಯುವುದಕ್ಕೂ ಹಂಚುವುದಕ್ಕೂ 3 ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ಅಶ್ಲೀಲ ಚಿತ್ರ ಹರಡುವುದಕ್ಕೆ 67ನೇ ಕಲಮು, ಮಕ್ಕಳ ಅಶ್ಲೀಲ ಚಿತ್ರಕ್ಕೆ ಇನ್ನೂ ಕಠಿಣವಾದ 67ಬಿ ಇವೆ. ಬಂದ ಸಂದೇಶವನ್ನು ಮುಂದಕ್ಕೆ ಕಳಿಸಿದೆ ಅಷ್ಟೇ ಎಂಬುದು ರಕ್ಷಣೆಯಾಗುವುದಿಲ್ಲ, ಕಳಿಸುವುದೂ ಹರಡುವುದೇ. ಇಲ್ಲಿ ಒಂದು ಗಡಿಯನ್ನೂ ನೆನಪಿಡಬೇಕು. ಕಿರಿಕಿರಿ ಉಂಟುಮಾಡುವ ಸಂದೇಶವನ್ನೂ ಅಪರಾಧವೆನ್ನುತ್ತಿದ್ದ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ರದ್ದುಮಾಡಿತು. ಶುಲ್ಕ ಹೆಚ್ಚಾಯಿತು, ಹಾಸ್ಟೆಲಿನ ಊಟ ಸರಿಯಿಲ್ಲ ಎಂದು ವಿದ್ಯಾರ್ಥಿ ಬರೆದರೆ ಅದು ಟೀಕೆ, ಅಪರಾಧವಲ್ಲ. ಬಳಕೆ ನೀತಿಯನ್ನು ಟೀಕೆಯ ಬಾಯಿ ಮುಚ್ಚಿಸುವ ಸಾಧನ ಮಾಡಬಾರದು.

ಏಳನೆಯದು ಭದ್ರತೆಯ ಪರೀಕ್ಷೆ. ಕಂಪ್ಯೂಟರ್ ವಿಜ್ಞಾನ ಓದುವ ಚುರುಕು ವಿದ್ಯಾರ್ಥಿಗೆ ಕಾಲೇಜಿನ ಸರ್ವರ್ ಎಷ್ಟು ಗಟ್ಟಿ ಎಂದು ನೋಡುವ ಆಸೆ ಸಹಜ. ಅನುಮತಿ ಇಲ್ಲದೆ ಒಳಹೊಕ್ಕರೆ ಉದ್ದೇಶ ಒಳ್ಳೆಯದಿದ್ದರೂ ಅದು ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೇ ಕಲಮಿನ ವ್ಯಾಪ್ತಿಗೆ ಬರುತ್ತದೆ, ಹಾನಿಗೆ ಪರಿಹಾರ ತೆರಬೇಕಾಗುತ್ತದೆ. ವಂಚನೆಯ ಅಥವಾ ಅಪ್ರಾಮಾಣಿಕ ಉದ್ದೇಶವಿದ್ದರೆ 66ನೇ ಕಲಮಿನಡಿ 3 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದಕ್ಕೆ 66ಸಿ ಪ್ರತ್ಯೇಕವಾಗಿಯೇ ಇದೆ. ಒಳ್ಳೆಯ ಕಾಲೇಜು ಇಂಥ ಕುತೂಹಲವನ್ನು ಹೊಸಕಿಹಾಕುವುದಿಲ್ಲ, ಅದಕ್ಕೆ ಜಾಗ ಮಾಡಿಕೊಡುತ್ತದೆ. ಮುಖ್ಯ ಜಾಲದಿಂದ ಬೇರ್ಪಡಿಸಿದ ಒಂದು ಲ್ಯಾಬ್, ಲಿಖಿತ ಅನುಮತಿ, ಮೇಲ್ವಿಚಾರಣೆಗೆ ಒಬ್ಬ ಅಧ್ಯಾಪಕ ಇಷ್ಟಿದ್ದರೆ ಸಾಕು. ಅಕಸ್ಮಾತ್ತಾಗಿ ದೋಷವೊಂದು ಕಣ್ಣಿಗೆ ಬಿದ್ದರೆ ಯಾರಿಗೆ ತಿಳಿಸಬೇಕು ಎಂಬುದೂ, ತಿಳಿಸಿದವರನ್ನು ಶಿಕ್ಷಿಸುವುದಿಲ್ಲ ಎಂಬುದೂ ನೀತಿಯಲ್ಲಿ ಇರಬೇಕು.

ಈ ಏಳೂ ವಿದ್ಯಾರ್ಥಿಯ ಕಡೆಯ ಹೊಣೆ. ಕಾಲೇಜಿನ ಕಡೆಯ ಹೊಣೆ ಇದಕ್ಕಿಂತ ಹಗುರವಲ್ಲ. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಸೇವಾದಾರರಿಗೆ, ಮಧ್ಯವರ್ತಿಗಳಿಗೆ, ನಿಗಮಿತ ಸಂಸ್ಥೆಗಳಿಗೆ, ಸರ್ಕಾರಿ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಅದರ ಪ್ರಕಾರ ಭದ್ರತಾ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು, ಬಳಕೆಯ ದಾಖಲೆಗಳನ್ನು 180 ದಿನ ಕಾಪಾಡಬೇಕು. ದಾಖಲೆ ಇಡುವುದು ಹೀಗೆ ಕರ್ತವ್ಯವಾಯಿತು. ಆ ದಾಖಲೆಯನ್ನು ಯಾರು ನೋಡಬಹುದು ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ವಿದ್ಯಾರ್ಥಿನಿ ಯಾವ ಕಾಯಿಲೆಯ ಬಗ್ಗೆ ಓದಿದಳು, ಯಾರಿಗೆ ಪತ್ರ ಬರೆದಳು ಎಂದು ಕುತೂಹಲಕ್ಕೆ ತೆರೆದು ನೋಡುವ ಅಧಿಕಾರ ಯಾವ ಸಿಬ್ಬಂದಿಗೂ ಇಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪಿತ್ತಿತು. ಅಂತರಜಾಲದ ಬಳಕೆ ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು ಕೇರಳ ಹೈಕೋರ್ಟ್ 2019ರಲ್ಲಿ ಹೇಳಿದ್ದು ಒಂದು ಕಾಲೇಜು ಹಾಸ್ಟೆಲಿನ ಮೊಬೈಲ್ ನಿರ್ಬಂಧದ ಪ್ರಕರಣದಲ್ಲೇ. ದೂರು ಬಂದಾಗ, ಲಿಖಿತ ಕಾರಣದೊಂದಿಗೆ, ಪ್ರಾಂಶುಪಾಲರ ಅಥವಾ ಸಮಿತಿಯ ಒಪ್ಪಿಗೆಯ ಮೇಲೆ, ಬೇಕಾದಷ್ಟು ದಾಖಲೆಯನ್ನು ಮಾತ್ರ ತೆರೆಯುವುದು ಸರಿಯಾದ ಕ್ರಮ.

ತಪ್ಪಿಗೆ ಶಿಕ್ಷೆ ವಿಧಿಸುವಾಗಲೂ ಕ್ರಮ ಬೇಕು. ಆರೋಪವನ್ನು ಬರಹದಲ್ಲಿ ತಿಳಿಸಬೇಕು, ಆರೋಪಿಯ ಮಾತು ಕೇಳಬೇಕು, ಮೇಲ್ಮನವಿಗೆ ಅವಕಾಶವಿರಬೇಕು. ಮರೆವಿನಿಂದ ಲಾಗ್‌ಔಟ್ ಆಗದೆ ಎದ್ದುಹೋದವನಿಗೂ ಅಂಕಪಟ್ಟಿ ತಿದ್ದಲು ಹೊರಟವನಿಗೂ ಒಂದೇ ದಂಡ ಸಲ್ಲದು. ಎಚ್ಚರಿಕೆ, ಕೆಲವು ದಿನ ಸಂಪರ್ಕ ಕಡಿತ, ಪರಿಹಾರ ವಸೂಲಿ, ಅಮಾನತು, ಪೊಲೀಸ್ ದೂರು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇರಬೇಕು. ಸಂಪರ್ಕ ಕಡಿದರೂ ಪರೀಕ್ಷಾ ಅರ್ಜಿ ತುಂಬುವ ದಾರಿ ಮುಚ್ಚಬಾರದು. ಅಪರಾಧ ನಿಜವಾಗಿಯೂ ನಡೆದಿದ್ದರೆ ಕಾಲೇಜಿನ ಹೆಸರು ಕೆಡುತ್ತದೆಂದು ಮುಚ್ಚಿಡುವುದೂ ತಪ್ಪೇ. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲೇ. ಹಣದ ಮೋಸವಾದರೆ 1930 ಸಂಖ್ಯೆಗೆ ತಡಮಾಡದೆ ಕರೆ ಮಾಡಬಹುದು.

ಕೊನೆಯದಾಗಿ ನೀತಿಯ ಭಾಷೆ. ನಗರದ ಕಾಲೇಜುಗಳಿಗೆ ಚಾಮರಾಜನಗರದಿಂದ, ಕೋಲಾರದಿಂದ, ರಾಯಚೂರಿನಿಂದ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಬರುತ್ತಾರೆ. ಇಂಗ್ಲಿಷಿನ ಕಾನೂನು ನುಡಿಯಲ್ಲಿ ಬರೆದ ಹತ್ತು ಪುಟಗಳಿಗೆ ಅವರು ಹಾಕುವ ಸಹಿಗೆ ತಿಳಿದು ಕೊಟ್ಟ ಒಪ್ಪಿಗೆಯ ಬೆಲೆಯಿಲ್ಲ. ಸಂಸತ್ತು 2023ರಲ್ಲಿ ಅಂಗೀಕರಿಸಿದ, ಹಂತಹಂತವಾಗಿ ಜಾರಿಗೆ ಬರುವ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯಿದೆ, ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆ ಕೊಡಬೇಕು ಎನ್ನುತ್ತದೆ. ಕನ್ನಡ ಆ 22 ಭಾಷೆಗಳಲ್ಲಿ ಒಂದು. 18 ತುಂಬದವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಎಂಬುದೂ ಆ ಕಾಯಿದೆಯ ಸಾಮಾನ್ಯ ನಿಯಮ. ಪದವಿಪೂರ್ವ ಕಾಲೇಜಿನ ಬಹುಪಾಲು ಮಕ್ಕಳು ಆ ವಯಸ್ಸಿನವರೇ. ಅವರ ಮನೆಯವರಿಗೂ ತಿಳಿಯುವ ಭಾಷೆಯಲ್ಲಿ ಎರಡು ಪುಟದ ನೀತಿ, ವರ್ಷದ ಆರಂಭದಲ್ಲಿ ಅದನ್ನು ವಿವರಿಸುವ ಒಂದು ತರಗತಿ ಪ್ರತಿ ಕಾಲೇಜಿಗೂ ಸಾಧ್ಯವಿರುವ ಕೆಲಸ.

ಬಳಕೆ ನೀತಿ ಎರಡು ಪಕ್ಷಗಳ ನಡುವಿನ ಒಪ್ಪಂದ. ವಿದ್ಯಾರ್ಥಿ ತನ್ನ ಹೆಸರನ್ನೂ ಇನ್ನೊಬ್ಬರ ಪಾಲನ್ನೂ ಕಾಯಬೇಕು. ಕಾಲೇಜು ವಿದ್ಯಾರ್ಥಿಯ ಮಾಹಿತಿಯನ್ನೂ ಮಾನವನ್ನೂ ಕಾಯಬೇಕು. ಒಂದು ಪಕ್ಷವನ್ನು ಮಾತ್ರ ಕಟ್ಟುವ ನೀತಿ ಗೋಡೆಯ ಮೇಲಿನ ಎಚ್ಚರಿಕೆಯಾಗಿ ಉಳಿಯುತ್ತದೆ, ಎರಡನ್ನೂ ಕಟ್ಟುವ ನೀತಿಯನ್ನೇ ಜನ ಪಾಲಿಸುತ್ತಾರೆ. ಮುಂದಿನ ಪ್ರವೇಶದ ವೇಳೆಗೆ ಪ್ರತಿ ಕಾಲೇಜೂ ತನ್ನ ನೀತಿಯನ್ನು ಕನ್ನಡದಲ್ಲಿ ಮುದ್ರಿಸಿ ಕೈಗೆ ಕೊಡಲಿ, ಪ್ರತಿ ವಿದ್ಯಾರ್ಥಿಯೂ ಓದಿ, ಅರ್ಥವಾಗದ್ದನ್ನು ಕೇಳಿ, ಆಮೇಲೆ ಸಹಿ ಹಾಕಲಿ.